ಪೆಟ್ಟಿಗೆಗೆ ಕನ್ನಡ ಬರುತ್ತಾ? ಕೇಳಿ, ಆಮೇಲೆ ದುಡ್ಡು ಬಿಚ್ಚಿ!

ಟೀವಿಗೆ ಹಾಕುವ ಸ್ಟ್ರೀಮಿಂಗ್ ಬಾಕ್ಸ್ ಕೊಳ್ಳಲು ಹೋದ ನಮ್ಮ ಹುಡುಗರು ಅಂಗಡಿಯಲ್ಲಿ ಏನೇನು ಕೇಳುತ್ತಾರೆ ಗಮನಿಸಿದ್ದೀರಾ? ಫೋರ್‌ಕೆ ಇದೆಯಾ? ರ್‍ಯಾಮ್ ಎಷ್ಟು? ಡಾಲ್ಬಿ ಬರುತ್ತಾ? ಗೇಮ್ ಓಡುತ್ತಾ? ಎಲ್ಲ ಕೇಳಿ, ಹಿಂದಿಯಲ್ಲಿ ಹೇಳಿದ ರೇಟಿಗೆ ಹಿಂದಿಯಲ್ಲೇ ಚೌಕಾಸಿ ಮಾಡಿ, ಬಿಲ್ ಹಾಕಿಸಿಕೊಂಡು ಬರುತ್ತಾರೆ. "ಅಣ್ಣ, ಇದಕ್ಕೆ ಕನ್ನಡ ಬರುತ್ತಾ?" ಎಂದು ಕೇಳಿದ ಒಬ್ಬನನ್ನೂ ನಾನು ಕಂಡಿಲ್ಲ. ಸಾವಿರಾರು ರೂಪಾಯಿ ಕೊಡುವ ಗಿರಾಕಿಗೆ ಆ ಮಾತು ಕೇಳಲು ಏನು ಸಂಕೋಚ?

ಪ್ರೆಸ್ಸಿನವನಿಗೆ ಟೀವಿ ಪೆಟ್ಟಿಗೆಯ ಉಸಾಬರಿ ಯಾಕೆ ಎಂದು ಕೇಳಬಹುದು. ಕಾರಣ ಇದೆ. ಪಿಯುಸಿ ಮುಗಿಸಿ ಅಚ್ಚುಮೊಳೆ ಜೋಡಿಸಲು ನಿಂತವನು ನಾನು. ಆಮೇಲೆ ಡಿಟಿಪಿ ಬಂತು. ಒಂದು ಕಂಪ್ಯೂಟರಿನಲ್ಲಿ ಟೈಪು ಮಾಡಿದ ಮದುವೆ ಪತ್ರಿಕೆ ಇನ್ನೊಂದರಲ್ಲಿ ತೆರೆದರೆ ಇಲಿ ಕಡಿದ ಕಾಗದದಂತೆ ಕಾಣುತ್ತಿತ್ತು. 1998ರಲ್ಲಿ ಬರಹ ಬಂತು, ನಂತರ ನುಡಿ ಬಂತು, ಆಮೇಲೆ ಯೂನಿಕೋಡ್. ಇದರಲ್ಲಿ ಒಂದಾದರೂ ತಾನಾಗಿ ಬರಲಿಲ್ಲ. ಯಾರೋ ಕೂತು ಮಾಡಿದರು, ಇನ್ಯಾರೋ ಬೇಕು ಎಂದು ಹಟ ಹಿಡಿದರು. ಯಂತ್ರಕ್ಕೆ ಕನ್ನಡ ಬೇಕಿಲ್ಲ ಹುಡುಗರೇ, ಅದು ಬೇಕಾಗಿರುವುದು ನಮಗೆ. ನಾವು ಕೇಳದಿದ್ದರೆ ಕೊಡಬೇಕಾದ ದರ್ದು ಯಾರಿಗೂ ಇಲ್ಲ.

ಮೊದಲು ಪೆಟ್ಟಿಗೆ ಬೇಕೋ ಬೇಡವೋ ನೋಡಿ. ಟೀವಿಯ ಪರದೆ ಹತ್ತು ವರ್ಷ ಬಾಳುತ್ತದೆ, ಅದರೊಳಗಿನ ಸಾಫ್ಟ್‌ವೇರು ಮೂರು ನಾಲ್ಕು ವರ್ಷಕ್ಕೇ ಏದುಸಿರು ಬಿಡುತ್ತದೆ. ಆಪ್ ತೆರೆಯಲು ಒಂದು ನಿಮಿಷ, ಅಪ್‌ಡೇಟ್ ಬಂದ್. ಅಂಥ ಟೀವಿಯನ್ನು ಗುಜರಿಗೆ ಹಾಕಬೇಕಿಲ್ಲ. ಎಚ್‌ಡಿಎಂಐ ಕಿಂಡಿಗೆ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿಸಿದರೆ ಮತ್ತೆ ನಾಲ್ಕು ವರ್ಷ ಓಡುತ್ತದೆ. ಹೊಸ ಸ್ಮಾರ್ಟ್ ಟೀವಿ ಚೆನ್ನಾಗಿ ಓಡುತ್ತಿದ್ದರೆ ಪೆಟ್ಟಿಗೆ ದಂಡ. ಮನೆಯಲ್ಲಿರುವುದು ಫುಲ್ ಎಚ್‌ಡಿ ಟೀವಿಯಾದರೆ ಫೋರ್‌ಕೆ ಎಂದು ಬೊಬ್ಬೆ ಹೊಡೆಯುವವನ ಮಾತಿಗೆ ಮರುಳಾಗಬೇಡಿ. ಪರದೆಯಲ್ಲಿ ಇಲ್ಲದ ಚುಕ್ಕಿಗಳನ್ನು ಪೆಟ್ಟಿಗೆ ಎಲ್ಲಿಂದ ತರುತ್ತದೆ?

ಈಗ ಅಸಲಿ ವಿಷಯಕ್ಕೆ ಬರೋಣ. ಎಸ್.ಪಿ. ರೋಡಿನ ಗಲ್ಲಿಯಲ್ಲೋ ಆನ್‌ಲೈನಿನಲ್ಲೋ ಹೆಸರಿಲ್ಲದ 'ಆಂಡ್ರಾಯ್ಡ್ ಬಾಕ್ಸ್' ಕಡಿಮೆ ದುಡ್ಡಿಗೆ ಸಿಗುತ್ತದೆ. ಡಬ್ಬದ ಮೇಲೆ 8ಕೆ ಎಂದು ಅಚ್ಚು ಹಾಕಿರುತ್ತಾರೆ. ಡಬ್ಬದ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು, ಆ ಕಸುಬು ನನಗೂ ಗೊತ್ತು! ಒಳಗೆ ಇರುವುದು ಟೀವಿಗಾಗಿ ಮಾಡಿದ ಆಂಡ್ರಾಯ್ಡ್ ಅಲ್ಲ, ಫೋನಿನ ಆಂಡ್ರಾಯ್ಡನ್ನು ಎಳೆದು ಹಿಗ್ಗಿಸಿದ್ದು. ರಿಮೋಟ್ ಒತ್ತಿದರೆ ಪರದೆ ಮೇಲೆ ಇಲಿಬಾಣ ಓಡಾಡಿದರೆ ಗುಮಾನಿ ಪಡಿ. ಇವಕ್ಕೆ ಗೂಗಲ್‌ನ ಪ್ರಮಾಣಪತ್ರ ಇರುವುದಿಲ್ಲ. ವೈಡ್‌ವೈನ್ ಎಲ್1 ಎಂಬ ಕಾಪಿ ರಕ್ಷಣೆಯ ಬೀಗವೂ ಇರುವುದಿಲ್ಲ. ಆ ಬೀಗ ಇಲ್ಲದಿದ್ದರೆ ನೆಟ್‌ಫ್ಲಿಕ್ಸಿನಂಥ ಆಪ್‌ಗಳು 480 ಗೆರೆಯ ಮಂಕು ಚಿತ್ರ ಕೊಡುತ್ತವೆ, ಇಲ್ಲವೇ ತೆರೆಯುವುದೇ ಇಲ್ಲ. 8ಕೆ ಪೆಟ್ಟಿಗೆ ತಂದು ದೂರದರ್ಶನದ ಕಾಲದ ಚಿತ್ರ ನೋಡುವ ಭಾಗ್ಯ!

ಚಿತ್ರ ಮಂಕಾದರೆ ಸಹಿಸಬಹುದು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. 2023ರ ಜನವರಿಯಲ್ಲಿ ಕೆನಡಾದ ಒಬ್ಬ ತಂತ್ರಜ್ಞ ಟಿ95 ಎಂಬ ಅಗ್ಗದ ಪೆಟ್ಟಿಗೆ ಕೊಂಡು ಬಿಚ್ಚಿ ನೋಡಿದ. ಕೊಳ್ಳುವ ಮೊದಲೇ ಅದರಲ್ಲಿ ಕಳ್ಳ ಸಾಫ್ಟ್‌ವೇರು ಕೂತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಥ ಪೆಟ್ಟಿಗೆಗಳ ಜಾಲವೇ ಬಯಲಾಯಿತು. ಅದಕ್ಕೆ ಬ್ಯಾಡ್‌ಬಾಕ್ಸ್ ಎಂದು ಹೆಸರು. 2025ರ ಜೂನಿನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಬಗ್ಗೆ ಎಚ್ಚರಿಕೆ ಕೊಟ್ಟಿತು. ಮರು ತಿಂಗಳು ಗೂಗಲ್ ನ್ಯೂಯಾರ್ಕಿನ ಕೋರ್ಟಿಗೆ ಹೋಯಿತು. ಒಂದು ಕೋಟಿಗೂ ಹೆಚ್ಚು ಪ್ರಮಾಣಪತ್ರವಿಲ್ಲದ ಸಾಧನಗಳು ಈ ಜಾಲಕ್ಕೆ ಸಿಕ್ಕಿವೆ ಎಂಬುದು ಅದರ ದೂರು. ಇದರ ಅರ್ಥ ಏನು ಗೊತ್ತೇ? ನೀವು ಮಲಗಿದ್ದಾಗ ನಿಮ್ಮ ಟೀವಿ ಕೆಳಗಿನ ಪೆಟ್ಟಿಗೆ ನಿಮ್ಮ ಮನೆಯ ಇಂಟರ್ನೆಟ್ಟನ್ನು ಯಾರಿಗೋ ಬಾಡಿಗೆಗೆ ಬಿಟ್ಟಿರುತ್ತದೆ. ಅವನು ಮಾಡುವ ವಂಚನೆಗೆ ನಿಮ್ಮ ಮನೆಯ ವಿಳಾಸ ಅಂಟುತ್ತದೆ. ಪೊಲೀಸರು ಹುಡುಕಿಕೊಂಡು ಬಂದರೆ ಬಾಗಿಲು ತೆಗೆಯುವವರು ನಿಮ್ಮ ಅಪ್ಪ. ಎರಡು ಸಾವಿರ ಉಳಿಸಲು ಹೋಗಿ ಇದು ಬೇಕಾ?

ಹಾಗಾದರೆ ಯಾವುದು? ಹೆಸರುಳ್ಳ ಪೆಟ್ಟಿಗೆಗಳು ನಮ್ಮಲ್ಲಿ ಹಲವು ಬಂದಿವೆ. ಅಮೆಜಾನಿನ ಫೈರ್ ಟೀವಿ ಸ್ಟಿಕ್ 2017ರಲ್ಲಿ ₹3,999ಕ್ಕೆ ಬಂತು. ಶಓಮಿಯ ಮಿ ಬಾಕ್ಸ್ 4ಕೆ 2020ರಲ್ಲಿ ₹3,499ಕ್ಕೆ ಬಂತು. ಆಪಲ್ ಟೀವಿ 4ಕೆ 2022ರಲ್ಲಿ ₹14,900ಕ್ಕೆ ಬಂತು. ಗೂಗಲ್ಲಿನ ಕ್ರೋಮ್‌ಕಾಸ್ಟ್ ಆ ವರ್ಷವೇ ಹೊಸ ರೂಪದಲ್ಲಿ ಬಂತು, 2024ರಲ್ಲಿ ಕಂಪನಿ ಆ ಸಾಲನ್ನೇ ನಿಲ್ಲಿಸಿಬಿಟ್ಟಿತು. ಹಳೇ ಸ್ಟಾಕು ಅಗ್ಗಕ್ಕೆ ಕೊಡುತ್ತೇನೆ ಎಂದರೆ ಇನ್ನೆಷ್ಟು ವರ್ಷ ಅಪ್‌ಡೇಟ್ ಎಂದು ಕೇಳಿ. ಇಂಟರ್ನೆಟ್ ಕೊಡುವ ಕಂಪನಿಗಳೂ ಕನೆಕ್ಷನ್ನಿನ ಜೊತೆ ಪೆಟ್ಟಿಗೆ ಕೊಡುತ್ತವೆ. ಅದು ಅವರ ಕನೆಕ್ಷನ್ ಇರುವವರೆಗೆ ಮಾತ್ರ, ಬಿಟ್ಟ ದಿನ ವಾಪಸ್ ಕೇಳಬಹುದು. ಕರಾರು ಓದಿ.

ಇವುಗಳಲ್ಲಿ ಕನ್ನಡದ ಪರೀಕ್ಷೆ ಹೇಗೆ? ಡಬ್ಬದ ಮೇಲೆ ಬರೆದಿರುವುದಿಲ್ಲ, ಅಂಗಡಿಯಲ್ಲೇ ಆಗಬೇಕು. ಟೀವಿಗೆ ಸಿಕ್ಕಿಸಿ ತೋರಿಸಿ ಎನ್ನಿ. ಮೊದಲು ಸೆಟ್ಟಿಂಗ್ಸಿಗೆ ಹೋಗಿ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ನೋಡಿ. ಆಂಡ್ರಾಯ್ಡ್ 2014ರ ಲಾಲಿಪಾಪ್ ಆವೃತ್ತಿಯಿಂದಲೇ ಕನ್ನಡ ಕಲಿತಿದೆ. ಆದರೂ ಪೆಟ್ಟಿಗೆ ಮಾಡುವವನು ಅದನ್ನು ಕಿತ್ತುಹಾಕಿರಬಹುದು. ಎರಡನೆಯದು, ಯೂಟ್ಯೂಬ್ ತೆರೆದು 'ಕರ್ನಾಟಕ' ಎಂಬ ಹೆಸರಿರುವ ವಿಡಿಯೋ ಹುಡುಕಿ. ಅರ್ಕಾವೊತ್ತು ಸರಿಯಾಗಿ ಕೂತಿದೆಯೇ? 'ಸ್ವಾತಂತ್ರ್ಯ' ಎಂಬ ಪದ ನೋಡಿ, 'ತ'ಕಾರದ ಕೆಳಗೆ ಎರಡು ಒತ್ತು ಒಂದರ ಬದಿಗೊಂದು ನಿಂತಿರಬೇಕು. ಕೆಟ್ಟ ಪೆಟ್ಟಿಗೆಯಲ್ಲಿ 'ಕರ್' ಒಂದು ಕಡೆ, 'ನಾಟಕ' ಇನ್ನೊಂದು ಕಡೆ ಬೀಳುತ್ತದೆ. ನಮ್ಮ ನಾಡಿನ ಹೆಸರನ್ನೇ ಮುರಿಯುವ ಪೆಟ್ಟಿಗೆಯಲ್ಲಿ ಉಳಿಯುವುದು ಬರೀ ನಾಟಕ! ಅಕ್ಷರದ ಬದಲು ಖಾಲಿ ಚೌಕ ಕಂಡರೆ ಅದರಲ್ಲಿ ಕನ್ನಡದ ಫಾಂಟೇ ಇಲ್ಲ ಎಂದು ಅರ್ಥ. ಎದ್ದು ಬನ್ನಿ.

ಮೂರನೆಯದು ಮಾತು. ರಿಮೋಟಿನ ಮೈಕ್ ಗುಂಡಿ ಒತ್ತಿ, "ರಾಜ್‌ಕುಮಾರ್ ಹಳೇ ಸಿನಿಮಾ ಹಾಕು" ಎಂದು ಗಟ್ಟಿಯಾಗಿ ಹೇಳಿ. ನಾಚಿಕೆ ಬೇಡ, ಅಂಗಡಿಯಲ್ಲಿ ನಾಲ್ಕು ಜನ ತಿರುಗಿ ನೋಡಲಿ. ಗೂಗಲ್ 2017ರಲ್ಲೇ ಫೋನಿನಲ್ಲಿ ಕನ್ನಡ ಮಾತು ಕೇಳಿಸಿಕೊಳ್ಳಲು ಶುರುಮಾಡಿತು. 2018ರಲ್ಲಿ ಅದರ ಅಸಿಸ್ಟೆಂಟೂ ಕನ್ನಡ ಕಲಿಯಿತು. ಫೋನಿನಲ್ಲಿ ಬರುವುದೆಲ್ಲ ಟೀವಿಯಲ್ಲೂ ಬರುತ್ತದೆಂದು ನಂಬಬೇಡಿ, ಹೇಳಿ ನೋಡಿ. ಅಮೆಜಾನಿನ ಅಲೆಕ್ಸಾ 2019ರಲ್ಲಿ ಹಿಂದಿ ಕಲಿತಳು. ಆಗ ಕನ್ನಡಕ್ಕೆ ಜಾಗ ಸಿಗಲಿಲ್ಲ. ದೇಶದ ಐಟಿ ರಾಜಧಾನಿ ಎಂದು ಬೀಗುವ ಊರಿನ ಭಾಷೆಗೆ ಸರದಿಯಲ್ಲಿ ನಿಲ್ಲುವ ಗತಿ!

ಇದು ಬರೀ ಅಭಿಮಾನದ ಮಾತಲ್ಲ. ನನಗೆ, ನಿಮಗೆ ಇಂಗ್ಲಿಷಿನಲ್ಲಿ ಹುಡುಕಲು ಬರುತ್ತದೆ. ಮಧ್ಯಾಹ್ನ ಮನೆಯಲ್ಲಿ ಆ ರಿಮೋಟ್ ಹಿಡಿಯುವವರು ಯಾರು? ಅಮ್ಮ, ಅಜ್ಜಿ. ನಮ್ಮ ಮನೆಗೆ ಬಂದ ಮೊದಲ ಪೆಟ್ಟಿಗೆಯಲ್ಲಿ ನಮ್ಮಮ್ಮ ಒಂದು ಧಾರಾವಾಹಿ ಹುಡುಕಲು ಮೊಮ್ಮಗ ಶಾಲೆಯಿಂದ ಬರುವವರೆಗೆ ಕಾಯುತ್ತಿದ್ದರು. ಅರವತ್ತು ವರ್ಷ ಮನೆ ನಡೆಸಿದ ಹೆಂಗಸು ತನ್ನ ಮನೆಯ ಟೀವಿ ಮುಂದೆ ಅನಕ್ಷರಸ್ಥೆ! ಈಗ ಫೋನನ್ನೇ ರಿಮೋಟ್ ಮಾಡಿಕೊಟ್ಟಿದ್ದೇವೆ. ಗೂಗಲ್ ಟೀವಿ ಆಪ್‌ನಲ್ಲಿ ರಿಮೋಟ್ ತೆರೆದು, ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿ, ಫೋನಿನಲ್ಲೇ ಟೈಪು ಮಾಡುತ್ತಾರೆ. ನಿಮ್ಮ ಮನೆಯಲ್ಲೂ ಮಾಡಿಕೊಡಿ, ಐದು ನಿಮಿಷದ ಕೆಲಸ.

ಇನ್ನು ಗೇಮ್. ಇದರಲ್ಲಿ ಹುಡುಗರಿಗೆ ಟೋಪಿ ಹಾಕುವವರು ಬಹಳ. ನಾಲ್ಕೈದು ಸಾವಿರದ ಪೆಟ್ಟಿಗೆ ಗೇಮಿಂಗ್ ಯಂತ್ರ ಅಲ್ಲವೇ ಅಲ್ಲ. ಮಿ ಬಾಕ್ಸ್‌ನಂಥದರಲ್ಲಿ 2 ಜಿಬಿ ರ್‍ಯಾಮ್, 8 ಜಿಬಿ ಜಾಗ. ಸಿಸ್ಟಮ್ಮೇ ಅರ್ಧ ನುಂಗಿದ ಮೇಲೆ ಒಂದು ಒಳ್ಳೆಯ ರೇಸಿಂಗ್ ಆಟಕ್ಕೂ ಜಾಗ ಸಾಲದು. ಫೋನಿನಲ್ಲಿ ಬೆರಳು ತೀಡಿ ಆಡುವ ಆಟಗಳು ಟೀವಿಯಲ್ಲಿ ಬರುವುದಿಲ್ಲ, ಅಲ್ಲಿ ತೀಡಲು ಏನಿದೆ? ನಾವು ಹುಡುಗರಾಗಿದ್ದಾಗ ಗಂಟೆಗಿಷ್ಟು ಎಂದು ಕೊಟ್ಟು ಕ್ಯಾಸೆಟ್ ಹಾಕಿ ಆಡುತ್ತಿದ್ದ ಮಾರಿಯೋ ತರಹದ ಆಟಗಳಿಗೆ ಈ ಪೆಟ್ಟಿಗೆ ಸಾಕು. ಒಂದು ಬ್ಲೂಟೂತ್ ಗೇಮ್‌ಪ್ಯಾಡ್ ಇದ್ದರೆ ಆಯಿತು. ಮೇಲಿನ ದರ್ಜೆಗೆ ಹೋದರೆ ಆಪಲ್ ಪೆಟ್ಟಿಗೆಯ ಎ15 ಚಿಪ್ ಬಲವಾದದ್ದು, ಆದರೆ ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹಳೇ ಕನ್ಸೋಲೇ ಸಿಗುತ್ತದೆ.

ಮನೆಯಲ್ಲಿ ಗೇಮ್ ಆಡುವ ಕಂಪ್ಯೂಟರ್ ಇದೆಯೇ? ಹಾಗಾದರೆ ಬೇರೇನೂ ಕೊಳ್ಳಬೇಡಿ. ಸ್ಟೀಮ್ ಲಿಂಕ್ ಎಂಬ ಆಪ್ ಆಂಡ್ರಾಯ್ಡ್ ಟೀವಿಗೆ ಪುಕ್ಕಟೆ ಸಿಗುತ್ತದೆ. ಆಟ ಒಳಕೋಣೆಯ ಕಂಪ್ಯೂಟರಿನಲ್ಲಿ ಓಡುತ್ತದೆ, ಚಿತ್ರ ಹಜಾರದ ಟೀವಿಗೆ ಬರುತ್ತದೆ. ಗೋಡೆ ದಾಟುವಾಗ ವೈಫೈ ತೊದಲಿದರೆ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಕೊಳ್ಳುವ ಪೆಟ್ಟಿಗೆಗೆ ಲ್ಯಾನ್ ಕಿಂಡಿ ಇದೆಯೇ ಮೊದಲೇ ನೋಡಿಕೊಳ್ಳಿ, ಕಡ್ಡಿ ತರಹದ ಸ್ಟಿಕ್ಕುಗಳಲ್ಲಿ ಇರುವುದಿಲ್ಲ. ಟೀವಿಯ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಹಾಕಿ. ಗುಂಡಿ ಒತ್ತಿದ ಮೇಲೆ ನಿಧಾನವಾಗಿ ಹಾರುವ ಕಾಯಿಲೆಗೆ ಎಷ್ಟೋ ಸಲ ಪೆಟ್ಟಿಗೆ ಕಾರಣವಲ್ಲ, ಟೀವಿ. ಇಂಟರ್ನೆಟ್ಟಿನ ಮೇಲೆ ದೂರದಿಂದ ಆಡಿಸುವ ಕ್ಲೌಡ್ ಗೇಮಿಂಗ್ ನಂಬಿ ಪೆಟ್ಟಿಗೆ ಕೊಳ್ಳಬೇಡಿ. ಗೂಗಲ್ಲಿನಂಥ ಗೂಗಲ್ಲೇ ಸ್ಟೇಡಿಯಾ ಎಂಬ ಸೇವೆಯನ್ನು 2019ರಲ್ಲಿ ಶುರುಮಾಡಿ 2023ರ ಜನವರಿಯಲ್ಲಿ ಬಾಗಿಲು ಹಾಕಿತು.

ಪೆಟ್ಟಿಗೆ ಮನೆಗೆ ಬಂತು ಅಂದುಕೊಳ್ಳಿ. ಆಗ ಮಾಡಬೇಕಾದ ಒಂದು ಕೆಲಸ ಇದೆ, ಬಹಳ ಜನ ಮಾಡುವುದಿಲ್ಲ. ಪ್ರತಿ ಆಪ್‌ನಲ್ಲೂ ನಿಮ್ಮ ಭಾಷೆ ಕನ್ನಡ ಎಂದು ನಮೂದಿಸಿ, ಕನ್ನಡದ ಆಡಿಯೋ ಇದ್ದ ಕಡೆ ಅದನ್ನೇ ಒತ್ತಿ. 2022ರಲ್ಲಿ ಆರ್‌ಆರ್‌ಆರ್ ಸಿನಿಮಾ ಆಪ್‌ನಲ್ಲಿ ಕನ್ನಡದಲ್ಲೂ ಬಂತು. 2023ರ ಐಪಿಎಲ್ ಫೋನಿಗೂ ಟೀವಿಗೂ ಪುಕ್ಕಟೆಯಾಗಿ 12 ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡ ಇತ್ತು. ಡಬ್ಬಿಂಗ್ ಬೇಕೇ ಬೇಡವೇ ಎಂಬ ಜಗಳ ನಮ್ಮೊಳಗೆ ಇನ್ನೂ ಮುಗಿದಿಲ್ಲ, ಅದನ್ನು ಬೇರೆ ದಿನ ಆಡೋಣ. ಆದರೆ ಕನ್ನಡ ಇರುವ ಕಡೆಯೂ ನಮ್ಮ ಹುಡುಗ ಇಂಗ್ಲಿಷ್ ಕಾಮೆಂಟರಿ ಹಾಕಿಕೊಂಡು "ಈ ಸಲ ಕಪ್ ನಮ್ದೇ" ಎಂದು ಕೂಗಿದರೆ ಏನು ಪ್ರಯೋಜನ? ಯಾವ ಭಾಷೆಯಲ್ಲಿ ಎಷ್ಟು ಹೊತ್ತು ನೋಡಿದಿರಿ ಎಂದು ಕಂಪನಿ ನಿಮಿಷ ನಿಮಿಷಕ್ಕೂ ಲೆಕ್ಕ ಇಡುತ್ತದೆ. ಮುಂದಿನ ಸಲ ಯಾವ ಭಾಷೆಗೆ ದುಡ್ಡು ಹಾಕಬೇಕು ಎಂದು ಕೂತು ತೀರ್ಮಾನಿಸುವಾಗ ಅವರ ಮೇಜಿನ ಮೇಲೆ ಇರುವುದು ಆ ಲೆಕ್ಕ, ನಮ್ಮ ಬಾವುಟ ಅಲ್ಲ.

ಲೆಕ್ಕ ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಕಂಡಿದ್ದೇವೆ. ರಕ್ಷಿತ್ ಶೆಟ್ಟಿಯವರ ತಂಡದ 'ಏಕಂ' ವೆಬ್ ಸರಣಿಗೆ ದೊಡ್ಡ ವೇದಿಕೆಗಳಲ್ಲಿ ಕೊಳ್ಳುವವರು ಸಿಗಲಿಲ್ಲ. 2024ರ ಜುಲೈನಲ್ಲಿ ತಮ್ಮದೇ ವೇದಿಕೆ ಕಟ್ಟಿ ಬಿಡುಗಡೆ ಮಾಡಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಜೀ5 'ಅಯ್ಯನ ಮನೆ' ಎಂಬ ಕನ್ನಡ ಸರಣಿ ತಂದಿತು. ಅಂಥದ್ದನ್ನು ಮೊದಲ ವಾರದಲ್ಲೇ ಕೂತು ನೋಡಿ, ಕದ್ದ ಕಾಪಿ ಟೆಲಿಗ್ರಾಂನಲ್ಲಿ ಹುಡುಕಬೇಡಿ. ಕದ್ದು ನೋಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಸರ್ಕಾರಕ್ಕೂ ಒಂದು ಮಾತು. ಕನ್ನಡ ಸಿನಿಮಾಗಳಿಗಾಗಿ ಸರ್ಕಾರದ್ದೇ ಒಟಿಟಿ ವೇದಿಕೆ ಎಂದು 2025ರ ಮಾರ್ಚ್ ಬಜೆಟ್ಟಿನಲ್ಲಿ ಘೋಷಿಸಿದಿರಿ. ಸಂತೋಷ. ಆದರೆ ಅದು ಬರೀ ಫೋನಿನ ಆಪ್ ಆಗಿ ಮುಗಿಯಬಾರದು. ಆಂಡ್ರಾಯ್ಡ್ ಟೀವಿಗೆ ಬೇರೆ, ಫೈರ್ ಟೀವಿಗೆ ಬೇರೆ, ಆಪಲ್ಲಿಗೆ ಬೇರೆ ಆಪ್ ಮಾಡಬೇಕು, ಪರೀಕ್ಷೆ ಮಾಡಬೇಕು. ರಿಮೋಟಿನ ಮೇಲೆ ನೆಟ್‌ಫ್ಲಿಕ್ಸ್, ಪ್ರೈಮ್ ಎಂದು ಗುಂಡಿಗಳು ಇರುತ್ತವಲ್ಲ, ಅದು ಪುಕ್ಕಟೆ ಜಾಗ ಅಲ್ಲ, ಆ ಕಂಪನಿಗಳು ದುಡ್ಡು ಕೊಟ್ಟು ಹಾಕಿಸಿಕೊಂಡದ್ದು. ಕನ್ನಡದ ವೇದಿಕೆಗೆ ಗುಂಡಿ ಸಿಗದಿದ್ದರೆ ಬೇಡ, ಮೊದಲ ಪರದೆಯಲ್ಲಾದರೂ ಕಾಣಬೇಕು. ಟೆಂಡರ್ ಬರೆಯುವ ಅಧಿಕಾರಿಗಳು ಒಂದು ಸಲ ತಮ್ಮ ಮನೆಯ ರಿಮೋಟ್ ಹಿಡಿದು ಕೂತರೆ ಸಾಕು, ಗೊತ್ತಾಗುತ್ತದೆ.

ಮತ್ತೆ ನಿಮಗೆ. ಪೆಟ್ಟಿಗೆ ಕೊಂಡ ಮೇಲೆ ಕನ್ನಡ ಸರಿ ಬರದಿದ್ದರೆ ವಾಪಸ್ ಕೊಡುವ ಗಡುವು ಬಿಲ್ಲಿನಲ್ಲಿ ನೋಡಿ, ಗಡುವಿನೊಳಗೆ ಕೊಡಿ. ಯಾಕೆ ಎಂದು ಕೇಳುವ ಕಡೆ 'ಬೇರೆ ಕಾರಣ' ಎಂದು ಒತ್ತಿ ತೆಪ್ಪಗಿರಬೇಡಿ. 'ಕನ್ನಡ ಬರುವುದಿಲ್ಲ' ಎಂದು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಅದನ್ನು ಓದಿಸಲು ಒಬ್ಬ ಕನ್ನಡದವನನ್ನು ಕೆಲಸಕ್ಕೆ ಇಟ್ಟುಕೊಳ್ಳಲಿ.