ದವಡೆ ಕೀಲಿನ 'ಸರಿಯಾದ ಜಾಗ' ಯಾವುದು ಸ್ವಾಮಿ?

ಆಕಳಿಸಿದರೆ ನನ್ನ ಬಲಗಿವಿಯ ಹತ್ತಿರ 'ಟಕ್' ಅನ್ನುತ್ತೆ. ವರ್ಷಗಳಿಂದ ಹೀಗೇ. ನೋವಿಲ್ಲ, ಚಕ್ಕುಲಿ ಕಡಿಯೋಕೂ ಅಡ್ಡಿಯಿಲ್ಲ. ಮೊನ್ನೆ ಹುಳುಕು ಹಲ್ಲು ತೋರಿಸೋಕೆ ಹೋದಾಗ ಡಾಕ್ಟರು ಸ್ಕ್ಯಾನ್ ತೋರಿಸಿ, "ನಿಮ್ಮ ಕೀಲು ಗುಳಿಯ ಮಧ್ಯದಲ್ಲಿಲ್ಲ, ಸ್ವಲ್ಪ ಹಿಂದಿದೆ. ನಾಲ್ಕು ಹಲ್ಲು ಗ್ರೈಂಡ್ ಮಾಡಿ ಸರಿ ಮಾಡೋಣ" ಅಂದರು. ಹಲ್ಲೇನು ದೋಸೆ ಅಕ್ಕಿಯಾ? ಯೋಚಿಸಿ ಹೇಳ್ತೀನಿ ಅಂತ ಎದ್ದು ಬಂದೆ.

ಕೆಳದವಡೆಯ ಗುಂಡನೆಯ ತುದಿ ಕಿವಿಯ ಮುಂದೆ ತಲೆಬುರುಡೆಯ ಗುಳಿಯಲ್ಲಿ ಕೂರುತ್ತೆ. ನಡುವೆ ಒಂದು ತೆಳು ಬಿಲ್ಲೆ. ಬಾಯಿ ತೆರೆದಾಗ ಈ ತುದಿ ತಿರುಗುತ್ತೆ, ಮುಂದಕ್ಕೂ ಜಾರುತ್ತೆ. ಜಾಗ ತಪ್ಪಿದ ಬಿಲ್ಲೆ ಮತ್ತೆ ಜಾಗಕ್ಕೆ ಬಂದಾಗ ಬರೋದೇ ಸಾಮಾನ್ಯವಾಗಿ ಆ 'ಟಕ್'.

ಕೀಲಿನ ಜಾಗ ಗುರುತಿಸೋದು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಹಲ್ಲೆಲ್ಲ ಉದುರಿದ ಅಜ್ಜನಿಗೆ ಹಲ್ಲುಸೆಟ್ಟು ಮಾಡುವಾಗ ಎರಡು ದವಡೆ ಎಲ್ಲಿ ಕೂಡಬೇಕು ಅಂತ ಹೇಳೋಕೆ ಹಲ್ಲೇ ಇರಲ್ಲ. ಆಗ ಗಲ್ಲ ಹಿಡಿದು, ಮತ್ತೆ ಮತ್ತೆ ಅದೇ ಜಾಗಕ್ಕೆ ಬರುವಂತೆ ದವಡೆ ಕೂರಿಸಿ ಅಳತೆ ತಗೋತಾರೆ. ಇದಕ್ಕೆ 'ಸೆಂಟ್ರಿಕ್ ರಿಲೇಶನ್' ಅಂತ ಹೆಸರು. ಮನೆ ಕಟ್ಟುವವನು ಮೊದಲು ಒಂದು ಗೂಟ ನೆಡ್ತಾನಲ್ಲ, ಹಾಗೆ. ಗೂಟದಿಂದ ಅಳೀಬಹುದು. ಆದರೆ ನಿಂತಿರೋ ಮನೆ ಗೂಟಕ್ಕೆ ಹೊಂದಲಿಲ್ಲ ಅಂತ ಯಾರಾದ್ರೂ ಗೋಡೆ ಕೆಡವ್ತಾರಾ?

ಆ ಗೂಟದ ಕಥೆಯೂ ಕೇಳಿ. 1956ರಲ್ಲಿ ಬಂದ ಕೃತಕ ದಂತ ಪರಿಭಾಷೆಯ ಕೋಶದಲ್ಲಿ ಸೆಂಟ್ರಿಕ್ ರಿಲೇಶನ್ ಅಂದರೆ ಕೀಲಿನ ತುದಿ ಒತ್ತಡವಿಲ್ಲದೆ ತೀರಾ ಹಿಂದಿರುವ ಸ್ಥಿತಿ. 1987ರ ಆವೃತ್ತಿಯಲ್ಲಿ ಅದು ಮುಂದಕ್ಕೆ, ಮೇಲಕ್ಕೆ ಹೋಯ್ತು! 31 ವರ್ಷದಲ್ಲಿ ಮನುಷ್ಯರ ಮೂಳೆ ಬದಲಾಗಲಿಲ್ಲ, ಸ್ಪೆಸಿಫಿಕೇಶನ್ ಬದಲಾಯ್ತು. ಸಾಫ್ಟ್‌ವೇರಿನವರಿಗೆ ಇದು ದಿನನಿತ್ಯದ ಗೋಳು ಬಿಡಿ. ಏನೂ ತೊಂದರೆ ಇಲ್ಲದವರಲ್ಲೂ ಕೀಲು ನಟ್ಟನಡುವೆ ಇರದೇ ಇರಬಹುದು. ಈ ಕೀಲಿನ ತೊಂದರೆ ಪತ್ತೆಹಚ್ಚೋಕೆ 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡದಲ್ಲಿ ನೋವು ಎಲ್ಲಿದೆ, ಬಾಯಿ ಎಷ್ಟು ತೆರೆಯುತ್ತೆ, ಸದ್ದು ಇದೆಯಾ ಅಂತೆಲ್ಲ ನೋಡ್ತಾರೆ. ಗುಳಿಯಲ್ಲಿ ತುದಿ ಮಧ್ಯದಲ್ಲಿಲ್ಲ ಅನ್ನೋದು ಅಲ್ಲಿ ಒಂದು ಕಾಯಿಲೆಯೇ ಅಲ್ಲ. ಅಮೆರಿಕದ ದಂತ ಸಂಶೋಧನಾ ಸಂಘವೂ 2010ರಲ್ಲಿ, ವಿಶೇಷ ಕಾರಣ ಇಲ್ಲದಿದ್ದರೆ ಮೊದಲು ಹಿಂದಕ್ಕೆ ಪಡೆಯಬಹುದಾದ ಚಿಕಿತ್ಸೆಯನ್ನೇ ಮಾಡಿ ಅಂದಿದೆ.

ನನ್ನ ವಾದ ಇಷ್ಟೇ. ಕೋಡ್ ಕೆಟ್ಟರೆ ಹಳೇ ಆವೃತ್ತಿಗೆ ಮರಳಬಹುದು. ಸವೆಸಿದ ಎನಾಮೆಲ್ ಮತ್ತೆ ಬೆಳೆಯಲ್ಲ. ನೋವಿದ್ದರೆ, ಬಾಯಿ ಸಿಕ್ಕಿಹಾಕಿಕೊಂಡರೆ ಖಂಡಿತ ಡಾಕ್ಟರ ಹತ್ತಿರ ಹೋಗಿ. ಆದರೆ ಬರೀ ಚಿತ್ರ ತೋರಿಸಿ ಹಲ್ಲಿಗೆ ಕೈ ಹಾಕ್ತೀನಿ ಅಂದರೆ ಮೂರು ಪ್ರಶ್ನೆ ಕೇಳಿ: ನನಗಿರುವ ತೊಂದರೆ ಏನು? ಹೀಗೇ ಬಿಟ್ಟರೆ ಏನಾಗುತ್ತೆ? ಮಾಡಿದ್ದನ್ನ ವಾಪಸ್ ತಗೋಬಹುದಾ?

ನಾನು ಹುಳುಕು ಹಲ್ಲನ್ನ ಮಾತ್ರ ತುಂಬಿಸಿಕೊಂಡು ಬಂದೆ. 'ಟಕ್' ಈಗಲೂ ಇದೆ. ಇರಲಿ ಬಿಡಿ.