‘ಇಂಟ್ರೊ’ ಎಂದು ಮೂಗು ಮುರಿಯಬೇಡಿ

‘ನಾನು ತಗೊಂಡಿದ್ದು ಕಂಪ್ಯೂಟರ್ ಸೈನ್ಸ್, ನನಗ್ಯಾಕೆ ಸಿವಿಲ್?’ ಎಂಜಿನಿಯರಿಂಗ್ ಮೊದಲ ವರ್ಷದ ತರಗತಿಗಳಲ್ಲಿ ಪ್ರತಿವರ್ಷ ತಪ್ಪದೇ ಕೇಳಿಬರುವ ಪ್ರಶ್ನೆ ಇದು. ಮೆಕ್ಯಾನಿಕಲ್‌ನವರು ‘ಎಲೆಕ್ಟ್ರಾನಿಕ್ಸ್ ಯಾಕೆ?’ ಎನ್ನುತ್ತಾರೆ, ಸಿವಿಲ್‌ನವರು ‘ಸಿ ಪ್ರೋಗ್ರಾಮಿಂಗ್ ಯಾಕೆ?’ ಎನ್ನುತ್ತಾರೆ. ಪ್ರಶ್ನೆ ಸಹಜವೇ. ಆದರೆ ಬಹುತೇಕ ಕಡೆ ಸಿಗುವ ಉತ್ತರ, ‘ಸಿಲಬಸ್‌ನಲ್ಲಿದೆ, ಓದಿ ಪಾಸಾಗಿ’ ಎಂಬುದಷ್ಟೇ. ಪ್ರಶ್ನೆ ಕೇಳಿದವರು ಸುಮ್ಮನಾಗುತ್ತಾರೆ. ವಿಷಯದ ಮೇಲಿನ ಆಸಕ್ತಿಯೂ ಅಲ್ಲಿಗೇ ಮುಗಿಯುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ ಓದಿದವರಿಗೆ ಈ ವಿಷಯಗಳು ಗೊತ್ತೇ ಇವೆ. ಇಂಟ್ರೊಡಕ್ಷನ್ ಟು ಸಿವಿಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರಿಂಗ್ ಮತ್ತು ಸಿ ಪ್ರೋಗ್ರಾಮಿಂಗ್. ಇವುಗಳಲ್ಲಿ ಸೆಮಿಸ್ಟರ್‌ಗೆ ಒಂದರಂತೆ ಓದಬೇಕು. ಒಂದಕ್ಕೆ ಮೂರು ಕ್ರೆಡಿಟ್, ಐದು ಮಾಡ್ಯೂಲ್. ನಾನೀಗ ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದಲ್ಲಿದ್ದೇನೆ. ಮೊದಲ ವರ್ಷ ಓದಿದ ವಿಷಯಗಳಲ್ಲಿ ಮನೆಯವರ ಜತೆ, ಊರಿನವರ ಜತೆ ಕುಳಿತು ಮಾತಾಡಲು ಇಂದಿಗೂ ಒದಗುತ್ತಿರುವುದು ಇದೇ ‘ಇಂಟ್ರೊ’ ವಿಷಯಗಳು. ಬೇಡದ ಹೊರೆ ಎಂದು ನಾವು ಬದಿಗೆ ಸರಿಸುವ ಈ ಪಾಠಗಳೇ ಎಂಜಿನಿಯರಿಂಗ್‌ನ ನಿಜವಾದ ಹೆಬ್ಬಾಗಿಲು ಎಂಬುದು ನನ್ನ ವಾದ. ಬಾಗಿಲು ಸರಿಯಾಗಿಯೇ ಇದೆ. ಅದನ್ನು ತೆರೆದು ತೋರಿಸುವ ರೀತಿ ಸರಿಯಿಲ್ಲ.

ಎಲೆಕ್ಟ್ರಿಕಲ್ ವಿಷಯವನ್ನೇ ನೋಡಿ. ಅದರ ಕೊನೆಯ ಮಾಡ್ಯೂಲ್‌ನಲ್ಲಿ ಕರೆಂಟ್ ಬಿಲ್ ಲೆಕ್ಕ ಹಾಕುವುದಿದೆ. 200 ಯೂನಿಟ್‌ವರೆಗಿನ ಗೃಹಜ್ಯೋತಿಯ ಬಗ್ಗೆ ಮನೆಮನೆಯಲ್ಲೂ ಮಾತಾಗುತ್ತದೆ. ಆದರೆ ‘ಒಂದು ಯೂನಿಟ್ ಅಂದರೆ ಎಷ್ಟು?’ ಎಂದು ಕೇಳಿದರೆ ಎಂಜಿನಿಯರಿಂಗ್ ಓದುವ ನಾವೇ ತಡವರಿಸುತ್ತೇವೆ. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್ ಖರ್ಚು. ಅದೇ ಒಂದು ಯೂನಿಟ್‌ನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ನೂರು ಗಂಟೆಗೂ ಹೆಚ್ಚು ಹೊತ್ತು ಬೆಳಗುತ್ತದೆ. ‘ಲೈಟ್ ಆಫ್ ಮಾಡು’ ಎಂದು ಗದರುವ ಅಪ್ಪನಿಗೆ ಗೀಸರ್‌ನ ಕಡೆ ಕೈ ತೋರಿಸುವಷ್ಟು ತಿಳಿವಳಿಕೆ ಈ ಒಂದು ಪಾಠದಿಂದ ಬರುತ್ತದೆ.

ಅದೇ ಮಾಡ್ಯೂಲ್‌ನಲ್ಲಿ ಜೀವ ಉಳಿಸುವ ಪಾಠವೂ ಇದೆ. ‘ನಮ್ಮನೇಲಿ ಎಂಸಿಬಿ ಇದೆ, ಶಾಕ್ ಹೊಡೆಯಲ್ಲ’ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಎಂಸಿಬಿ ಬೀಳುವುದು ಲೋಡ್ ಮಿತಿಮೀರಿದಾಗ ಅಥವಾ ಶಾರ್ಟ್ ಸರ್ಕಿಟ್ ಆದಾಗ. 16 ಆಂಪಿಯರ್‌ನ ಎಂಸಿಬಿಗೆ, ಮನುಷ್ಯನ ಮೈಮೂಲಕ ಹರಿಯುವ ಕೆಲವೇ ಮಿಲಿ ಆಂಪಿಯರ್ ಕರೆಂಟ್ ಗೊತ್ತೇ ಆಗುವುದಿಲ್ಲ. ಅದನ್ನು ಹಿಡಿಯುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್‌ಗೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಕರೆಂಟ್‌ಗೂ ವ್ಯತ್ಯಾಸ ಕಂಡರೆ ಅದು ಸಾಲನ್ನು ಕಡಿತಗೊಳಿಸುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿಯ ಮಿತಿ 30 ಮಿಲಿ ಆಂಪಿಯರ್. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಯಾಕೆ ಹಾಕುತ್ತಾರೆ, ಬೇಸಿಗೆಯಲ್ಲಿ ಅದಕ್ಕೆ ನೀರು ಯಾಕೆ ಹೊಯ್ಯುತ್ತಾರೆ ಎಂಬುದೂ ಇದೇ ಪಾಠ. ಪಂಪ್‌ಸೆಟ್ ಇರುವ ಪ್ರತಿ ಮನೆಯ ಹುಡುಗ, ಹುಡುಗಿಗೆ ಇದು ಗೊತ್ತಿರಬೇಕು. ಪರೀಕ್ಷೆಯಲ್ಲಿ ಮಾತ್ರ ಇದು ‘ಅರ್ಥಿಂಗ್ ವಿಧಗಳನ್ನು ಚಿತ್ರಸಹಿತ ವಿವರಿಸಿ’ ಎಂಬ ಪ್ರಶ್ನೆಯಾಗಿ ಬರುತ್ತದೆ. ನಾವು ಚಿತ್ರ ಬಾಯಿಪಾಠ ಮಾಡಿ ಬರೆದು ಬರುತ್ತೇವೆ.

ಸಿವಿಲ್‌ನ ಕತೆಯೂ ಇದೇ. ‘ಸೆಂಟ್ರಾಯ್ಡ್’ ಎಂದ ಕೂಡಲೇ ಆಯತ, ತ್ರಿಕೋನ, ಅರ್ಧವೃತ್ತಗಳ ಟೇಬಲ್ ಹಾಕಿ ಲೆಕ್ಕ ಮಾಡುವುದಷ್ಟೇ ನೆನಪಾಗುತ್ತದೆ. ಮಂಡ್ಯದ ಕಡೆಯೋ ಬೆಳಗಾವಿಯ ಕಡೆಯೋ ಕಬ್ಬನ್ನು ಎತ್ತರಕ್ಕೆ ಹೇರಿಕೊಂಡು ಬರುವ ಟ್ರ್ಯಾಕ್ಟರ್ ಟ್ರೇಲರ್ ತಿರುವಿನಲ್ಲಿ ಯಾಕೆ ವಾಲುತ್ತದೆ ಎಂದು ಕೇಳಿ ಪಾಠ ಶುರು ಮಾಡಿದರೆ? ಹೇರು ಎತ್ತರವಾದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ, ಆಗ ಸ್ವಲ್ಪ ವಾಲಿದರೂ ಮಗುಚುವ ಅಪಾಯ ಹೆಚ್ಚು ಎಂಬುದು ಆ ಟ್ರೇಲರ್ ಹಿಂದೆ ಬೈಕ್ ಓಡಿಸಿದವರಿಗೆಲ್ಲ ಅರ್ಥವಾಗುತ್ತದೆ. ಟೇಬಲ್ ಆಮೇಲೆ ಬರಲಿ.

‘ನಮ್ಮ ಬ್ರಾಂಚ್‌ಗೆ ಇದು ಯಾವ ಕೆಲಸಕ್ಕೆ ಬರುತ್ತೆ?’ ಎನ್ನುವವರಿಗೆ ಸರ್ ಎಂ. ವಿಶ್ವೇಶ್ವರಯ್ಯ ಅವರನ್ನೇ ನೆನಪಿಸಬಹುದು. ಪ್ರತಿ ಸೆಪ್ಟೆಂಬರ್ 15ರಂದು ಅವರ ಫೋಟೊಗೆ ಹಾರ ಹಾಕುತ್ತೇವೆ. ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದ್ದು 1903ರಲ್ಲಿ. ನೀರು ನಿಗದಿತ ಮಟ್ಟ ಮೀರಿದರೆ ತಾವೇ ತೆರೆದುಕೊಳ್ಳುವ, ಇಳಿದರೆ ತಾವೇ ಮುಚ್ಚಿಕೊಳ್ಳುವ ಗೇಟುಗಳವು. ಇಂದು ನಾವು ಸೆನ್ಸರ್, ಕಂಟ್ರೋಲರ್ ಎಂದೆಲ್ಲ ಓದುವ ಆಟೊಮೇಷನ್ ಅನ್ನು ಒಬ್ಬ ಸಿವಿಲ್ ಎಂಜಿನಿಯರ್ ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಮಾಡಿದ್ದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತಲ್ಲ, ಅದು ಯಾವ ಬ್ರಾಂಚ್‌ನ ಕೆಲಸ? ನೀರನ್ನು ತಿರುಗಿಸಿದ್ದು ಸಿವಿಲ್, ಟರ್ಬೈನ್ ಮೆಕ್ಯಾನಿಕಲ್, ಜನರೇಟರ್ ಮತ್ತು ಲೈನ್ ಎಲೆಕ್ಟ್ರಿಕಲ್. ಬ್ರಾಂಚ್ ಎಂಬ ಗೋಡೆ ಇರುವುದು ಕಾಲೇಜಿನ ಬ್ಲಾಕ್‌ಗಳಲ್ಲಿ, ಕೆಲಸದಲ್ಲಿ ಅಲ್ಲ. ಇಂದಿನ ಎಲೆಕ್ಟ್ರಿಕ್ ಸ್ಕೂಟರ್ ಬಿಚ್ಚಿ ನೋಡಿದರೂ ಇದೇ ಮಾತು. ಮೋಟರ್, ಬ್ಯಾಟರಿ, ಚಾಸಿಸ್, ಸಾಫ್ಟ್‌ವೇರ್ ಎಲ್ಲವೂ ಅಲ್ಲಿ ಒಟ್ಟಿಗೇ ಇವೆ.

ಹಾಗೆಂದು ವಿದ್ಯಾರ್ಥಿಗಳ ದೂರಿನಲ್ಲಿ ಹುರುಳೇ ಇಲ್ಲ ಎನ್ನಲಾಗದು. ಒಂದು ಸೆಮಿಸ್ಟರ್‌ನಲ್ಲಿ ಎಂಟು ವಿಷಯ. ಗಣಿತ, ಫಿಸಿಕ್ಸ್ ಅಥವಾ ಕೆಮಿಸ್ಟ್ರಿ, ಲ್ಯಾಬ್ ರೆಕಾರ್ಡ್, ಡ್ರಾಯಿಂಗ್ ಶೀಟ್‌ಗಳ ನಡುವೆ ‘ಇಂಟ್ರೊ’ಗೆ ಉಳಿಯುವುದು ಪರೀಕ್ಷೆಯ ಹಿಂದಿನ ರಾತ್ರಿ. ಹತ್ತು ಪ್ರಶ್ನೆಗಳಲ್ಲಿ ಮಾಡ್ಯೂಲ್‌ಗೆ ಒಂದರಂತೆ ಐದು ಬರೆದರೆ ಸಾಕು. ಹಾಗಾಗಿ ‘ಸೂಪರ್ ಇಂಪಾರ್ಟೆಂಟ್’, ‘ಪಾಸಿಂಗ್ ಪ್ಯಾಕೇಜ್’ ಹೆಸರಿನ ಪಿಡಿಎಫ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಕಷ್ಟಪಡದೆ ಪಾಸಾಗುವ ದಾರಿ ಇರುವಾಗ ವಿದ್ಯಾರ್ಥಿ ಆ ದಾರಿ ಹಿಡಿಯುತ್ತಾನೆ. ತಪ್ಪು ಅವನೊಬ್ಬನದಲ್ಲ. ‘ಪಟ್ಟಿ ಮಾಡಿ’, ‘ವ್ಯಾಖ್ಯಾನಿಸಿ’ ಎಂದು ಕೇಳುವ ಪ್ರಶ್ನೆಪತ್ರಿಕೆಯದೂ ಹೌದು.

ಇದನ್ನು ಸರಿಪಡಿಸಲು ಹೊಸ ಸ್ಕೀಮ್ ಬರುವವರೆಗೆ ಕಾಯಬೇಕಿಲ್ಲ. ನೂರರಲ್ಲಿ 50 ಆಂತರಿಕ ಅಂಕಗಳು ಕಾಲೇಜಿನ ಕೈಯಲ್ಲೇ ಇವೆ. ಪುಸ್ತಕ ನೋಡಿ ಹಾಳೆ ತುಂಬಿಸುವ ಅಸೈನ್‌ಮೆಂಟ್ ಬದಲು, ‘ನಿಮ್ಮ ಮನೆಯ ಅಥವಾ ಹಾಸ್ಟೆಲ್‌ನ ಒಂದು ತಿಂಗಳ ವಿದ್ಯುತ್ ಬಳಕೆಯ ಲೆಕ್ಕ ತನ್ನಿ’ ಎನ್ನಬಹುದು. ‘ಮನೆ ಕಟ್ಟುತ್ತಿರುವ ಜಾಗಕ್ಕೆ ಹೋಗಿ ಮೇಸ್ತ್ರಿಯನ್ನು ಮಾತಾಡಿಸಿ, ಕಾಂಕ್ರೀಟ್‌ಗೆ ಎಷ್ಟಕ್ಕೆ ಎಷ್ಟು ಹಾಕುತ್ತಾರೆ, ಎಷ್ಟು ದಿನ ನೀರುಣಿಸುತ್ತಾರೆ ಬರೆದು ತನ್ನಿ’ ಎನ್ನಬಹುದು. ಕಾಲೇಜಿನ ಹಿಂದಿರುವ ಟ್ರಾನ್ಸ್‌ಫಾರ್ಮರ್, ಜನರೇಟರ್, ಲಿಫ್ಟ್, ನೀರಿನ ಟ್ಯಾಂಕ್ ತೋರಿಸಲು ಬಸ್ಸೂ ಬೇಡ, ಬಜೆಟ್ಟೂ ಬೇಡ. ಒಂದು ಪೀರಿಯಡ್ ಸಾಕು. ಅನುಭವಿ ಅಧ್ಯಾಪಕರು ಮೊದಲ ವರ್ಷದವರಿಗೇ ಪಾಠ ಮಾಡಿದರೆ ಇನ್ನೂ ಒಳ್ಳೆಯದು.

ಇದರ ಜತೆಗೆ ಭಾಷೆಯ ಮಾತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಹೇಗೋ ಇಂಗ್ಲಿಷ್‌ಗೆ ಒಗ್ಗಿಕೊಂಡು ಬಂದವರು ನಮ್ಮ ನಡುವೆ ಇದ್ದಾರೆ. ಅವರು ಹಿಂದಿನ ಬೆಂಚಿನಲ್ಲಿ ಮೌನವಾಗುವುದು ಬುದ್ಧಿ ಕಡಿಮೆಯಿದ್ದು ಅಲ್ಲ. ಪಾರಿಭಾಷಿಕ ಪದ ಇಂಗ್ಲಿಷ್‌ನಲ್ಲೇ ಇರಲಿ, ವಿವರಣೆ ಎರಡು ಮಾತು ಕನ್ನಡದಲ್ಲಿ ಬಂದರೆ ಆ ಮೌನ ಒಡೆಯುತ್ತದೆ. ತಂದೆಯ ಜತೆ ಹೊಲದಲ್ಲಿ ಸ್ಟಾರ್ಟರ್ ರಿಪೇರಿ ಮಾಡಿದವನಿಗೆ ಮೋಟರ್ ಬಗ್ಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ಅವನನ್ನು ಮಾತಾಡಿಸುವ ಅವಕಾಶ ಪರಿಚಯ ಪಾಠಗಳಲ್ಲಲ್ಲದೆ ಇನ್ನೆಲ್ಲಿ ಸಿಗುತ್ತದೆ?

ಇನ್ನೊಂದು ವಿಚಿತ್ರವನ್ನೂ ಹೇಳಲೇಬೇಕು. ಯಾವ ಬ್ರಾಂಚ್‌ನಲ್ಲಿ ಏನಿದೆ ಎಂಬ ಪರಿಚಯ ನಮಗೆ ಸಿಗುವುದು ಬ್ರಾಂಚ್ ಆರಿಸಿಕೊಂಡ ಮೇಲೆ! ಸಿಇಟಿ ಆಪ್ಷನ್ ಎಂಟ್ರಿ ಮಾಡುವಾಗ ನಮ್ಮ ಮುಂದಿರುವುದು ಕಳೆದ ವರ್ಷದ ಕಟ್‌ಆಫ್ ರ‍್ಯಾಂಕ್, ಪಕ್ಕದ ಮನೆಯವರ ಸಲಹೆ ಮತ್ತು ಪ್ಯಾಕೇಜ್‌ನ ಅಂಕಿ. ನಾಲ್ಕು ವರ್ಷ ಏನು ಓದುತ್ತೇವೆ ಎಂಬುದು ಎಲ್ಲಕ್ಕಿಂತ ಕೊನೆಯ ಪ್ರಶ್ನೆ. ಈ ‘ಇಂಟ್ರೊ’ ಪಾಠಗಳ ಸಾರವನ್ನು ದ್ವಿತೀಯ ಪಿಯುಸಿ ಮುಗಿಸಿದವರಿಗೆ ಎರಡು ದಿನದ ಶಿಬಿರವಾಗಿ ಹತ್ತಿರದ ಎಂಜಿನಿಯರಿಂಗ್ ಕಾಲೇಜುಗಳೇ ಕೊಡಬಾರದೇಕೆ? ಅದಾಗುವವರೆಗೆ, ಈ ವರ್ಷ ಆಪ್ಷನ್ ಎಂಟ್ರಿಗೆ ಕೂರುವವರಿಗೆ ನನ್ನದೊಂದು ಸಲಹೆ. ವಿಟಿಯು ಸಿಲಬಸ್ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಪಾಠಗಳು ಉಚಿತವಾಗಿವೆ. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಬ್ರಾಂಚ್‌ನ ಒಂದೊಂದು ಪಾಠ ಕೇಳಿ, ಆಮೇಲೆ ಕ್ರಮ ಹಾಕಿ.

ಕೆಲಸದ ಚಿಂತೆಯಲ್ಲಿರುವ ಹಿರಿಯ ವಿದ್ಯಾರ್ಥಿಗಳಿಗೂ ಇದು ಸಂಬಂಧವಿಲ್ಲದ ಮಾತಲ್ಲ. ವಿದ್ಯುತ್ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವನಿಗೆ ಯೂನಿಟ್, ಟ್ಯಾರಿಫ್ ಗೊತ್ತಿರಬೇಕು. ಕಟ್ಟಡ ವಿನ್ಯಾಸದ ಆ್ಯಪ್ ಮಾಡುವವಳಿಗೆ ಬೀಮ್, ಕಾಲಂ ಗೊತ್ತಿರಬೇಕು. ಕೋಡ್ ಬರೆಯುವುದನ್ನು ಕಲಿತವರು ಸಾವಿರಾರು ಜನ. ಯಾವ ಸಮಸ್ಯೆಗೆ ಬರೆಯುತ್ತಿದ್ದೇವೆ ಎಂದು ಅರಿತವರಿಗೆ ಆ ಗುಂಪಿನಲ್ಲಿ ಬೇರೆಯೇ ಬೆಲೆ.

ಮೊದಲ ಸೆಮಿಸ್ಟರ್‌ಗೆ ಕಾಲಿಡುತ್ತಿರುವ ತಮ್ಮ, ತಂಗಿಯರೇ, ‘ನನಗ್ಯಾಕೆ ಇದು?’ ಎಂದು ಕೇಳುವುದನ್ನು ಬಿಡಬೇಡಿ. ಅಧ್ಯಾಪಕರನ್ನು ಮತ್ತೆ ಮತ್ತೆ ಕೇಳಿ, ಉತ್ತರ ಸಿಗುವವರೆಗೂ ಕೇಳಿ. ಪಿಡಿಎಫ್ ಓದಿಯೂ ಪಾಸಾಗಬಹುದು. ಆದರೆ ಮನೆಯ ಮೀಟರ್ ಬೋರ್ಡ್ ಮುಂದೆ ಅಮ್ಮ ‘ಇದೇನೋ ಇದು?’ ಎಂದು ಕೇಳಿದಾಗ ಆ ಪಿಡಿಎಫ್ ನಿಮ್ಮ ನೆರವಿಗೆ ಬರುವುದಿಲ್ಲ.