ಚಳಿಗೆ ಹಳೇ ಪೆಟ್ರೋಲ್ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ? ಚೋಕ್ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಡಿಸೆಂಬರ್ ಬಂದರೆ ಸಾಕು, ಗಾಡಿ ಸ್ಟಾರ್ಟ್ ಮಾಡುವ ಸಲಹೆಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಲು ಶುರು. "ಚೋಕ್ ಎಳೆದು ಹತ್ತು ನಿಮಿಷ ಹಾಗೇ ಬಿಡಿ", "ಆಕ್ಸಿಲರೇಟರ್ ನಾಲ್ಕು ಸಲ ತುಳಿಯಿರಿ", "ಕಾರ್ಬೊರೇಟರ್ ಬಾಯಿಗೆ ಒಂದು ಮುಚ್ಚಳ ಪೆಟ್ರೋಲ್ ಸುರಿಯಿರಿ". ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಹಳೇ ಪೆಟ್ರೋಲ್ ಜೀಪು, ಊರೂರಲ್ಲಿ ಹಳೇ ಬೈಕು ಇಟ್ಟುಕೊಂಡವರು ಇವನ್ನು ಮಾಡಿ ನೋಡುವುದೂ ಉಂಟು. ಇವುಗಳಲ್ಲಿ ಕೆಲವು ಅರ್ಧ ಸತ್ಯ. ಒಂದೆರಡು ಜೀವಕ್ಕೇ ಕುತ್ತು ತರುವಂಥವು.

ನಿಮ್ಮ ಗಾಡಿಯಲ್ಲಿ ಚೋಕ್ ಇದೆಯೇ?

ನಮ್ಮಲ್ಲಿ ಓಡುವ ಲಾರಿಗಳು ಹೆಚ್ಚುಕಡಿಮೆ ಎಲ್ಲವೂ ಡೀಸೆಲ್. ಡೀಸೆಲ್ ಎಂಜಿನ್‌ಗೆ ಕಾರ್ಬೊರೇಟರ್ ಇಲ್ಲ, ಹಾಗಾಗಿ ಈ ಚೋಕ್ ಕೂಡ ಇಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಈ ಕೆಲಸವನ್ನು ಸೆನ್ಸರ್ ಮತ್ತು ಕಂಪ್ಯೂಟರ್ ನೋಡಿಕೊಳ್ಳುತ್ತವೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಹೆಚ್ಚಿನವು ಇದೇ ವ್ಯವಸ್ಥೆಗೆ ಬದಲಾಗಿವೆ. ಅಂದರೆ ಚೋಕ್ ಸಲಹೆಗಳು ಕಾರ್ಬೊರೇಟರ್ ಇರುವ ಹಳೇ ಪೆಟ್ರೋಲ್ ಗಾಡಿಗೆ ಮಾತ್ರ ಅನ್ವಯ.

ಚೋಕ್ ಏನು ಮಾಡುತ್ತದೆ?

ಎಂಜಿನ್‌ನಲ್ಲಿ ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಸಾಮಾನ್ಯವಾಗಿ 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ತಣ್ಣಗಿರುವ ಕೊಳವೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರ್ ತಲುಪುವ ಆವಿ ಕಿಡಿಗೆ ಹೊತ್ತಿಕೊಳ್ಳಲು ಸಾಲುವುದಿಲ್ಲ.

ಚೋಕ್ ಎಂದರೆ ಕಾರ್ಬೊರೇಟರ್ ಬಾಯಲ್ಲಿರುವ ಒಂದು ಮುಚ್ಚಳ. ಎಳೆದಾಗ ಅದು ಗಾಳಿಯ ದಾರಿ ತಡೆಯುತ್ತದೆ, ಒಳಗಿನ ಹೀರುವಿಕೆ ಜೋರಾಗುತ್ತದೆ, ಹೆಚ್ಚು ಪೆಟ್ರೋಲ್ ಬರುತ್ತದೆ. ಕೆಲವು ಬೈಕ್‌ಗಳಲ್ಲಿ ಮುಚ್ಚಳದ ಬದಲು ಹೆಚ್ಚುವರಿ ಪೆಟ್ರೋಲ್ ಬಿಡುವ ಪುಟ್ಟ ದಾರಿ ಇರುತ್ತದೆ. ಉದ್ದೇಶ ಒಂದೇ.

"ಹತ್ತು ನಿಮಿಷ ಚೋಕ್‌ನಲ್ಲೇ ಬಿಡಿ": ತಪ್ಪು

ಎಂಜಿನ್ ಸ್ವಲ್ಪ ಬಿಸಿಯಾಗುತ್ತಿದ್ದಂತೆ ಪೆಟ್ರೋಲ್ ತಾನಾಗಿ ಆವಿಯಾಗತೊಡಗುತ್ತದೆ. ಆಮೇಲೂ ಚೋಕ್ ಹಾಕಿಯೇ ಇಟ್ಟರೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಉರಿಯದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ, ಹೊಗೆಯೂ ಹೆಚ್ಚುತ್ತದೆ. ಶಬ್ದ ಒಂದೇ ಸಮ ಆದಂತೆ ಚೋಕನ್ನು ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ನಮ್ಮ ಕಡೆಯ ಚಳಿಗೆ ಒಂದೆರಡು ನಿಮಿಷ ಸಾಕಾಗುತ್ತದೆ. ನಂತರ ನಿಧಾನಕ್ಕೆ ಓಡಿಸಿದರೆ ನಿಂತಲ್ಲೇ ಬಿಡುವುದಕ್ಕಿಂತ ಬೇಗ ಬಿಸಿಯಾಗುತ್ತದೆ.

"ಆಕ್ಸಿಲರೇಟರ್ ತುಳಿಯಿರಿ": ಎಲ್ಲ ಗಾಡಿಗೂ ಅಲ್ಲ

ಇದು ಅಮೆರಿಕದ ಹಳೇ ಪಿಕಪ್ ಟ್ರಕ್‌ಗಳಿಗೆ ಹೊಂದುವ ಸಲಹೆ. ಅವುಗಳಲ್ಲಿ ಹಲವಕ್ಕೆ ಆಟೋಮ್ಯಾಟಿಕ್ ಚೋಕ್ ಇರುತ್ತದೆ. ಎರಡು ಲೋಹ ಸೇರಿಸಿದ ಒಂದು ಸ್ಪ್ರಿಂಗ್ ಚಳಿಗೆ ಬಿಗಿದು ಮುಚ್ಚಳ ಹಾಕುತ್ತದೆ, ಬಿಸಿಗೆ ಸಡಿಲವಾಗಿ ತೆರೆಯುತ್ತದೆ. ಪೆಡಲ್ ಒಮ್ಮೆ ಪೂರ್ತಿ ಒತ್ತಿ ಬಿಟ್ಟರೆ ಮಾತ್ರ ಆ ಮುಚ್ಚಳಕ್ಕೆ ಮುಚ್ಚಿಕೊಳ್ಳಲು ಅವಕಾಶ ಸಿಗುತ್ತದೆ. ಕೈಯಿಂದ ಎಳೆಯುವ ಚೋಕ್ ಇರುವ ಜೀಪಿನಲ್ಲಿ ಪದೇ ಪದೇ ತುಳಿದರೆ ಪೆಟ್ರೋಲ್ ಚಿಮ್ಮಿ ಎಂಜಿನ್ "ಓವರ್" ಆಗುತ್ತದೆ, ಅಷ್ಟೇ. ಬೈಕ್‌ನಲ್ಲಂತೂ ಚೋಕ್ ಹಾಕಿ ಕಿಕ್ ಹೊಡೆಯುವಾಗ ಆಕ್ಸಿಲರೇಟರ್ ಮುಟ್ಟದಿರುವುದೇ ಒಳ್ಳೆಯದು.

"ಬಾಯಿಗೆ ಪೆಟ್ರೋಲ್ ಸುರಿಯಿರಿ": ಅಪಾಯ

ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಕಾರ್ಬೊರೇಟರ್ ಬಾಯಿಂದಲೇ ಬೆಂಕಿ ಬರುತ್ತದೆ. ಆಗ ಅದರ ಮೇಲೆ ಬಗ್ಗಿರುವುದು ನೀವು, ಕೈಯಲ್ಲಿರುವುದು ಪೆಟ್ರೋಲ್. ಇದನ್ನು ಮಾಡಬೇಡಿ, ಯಾರಿಗೂ ಹೇಳಿಕೊಡಬೇಡಿ.

ಹಾಗಾದರೆ ನೋಡಬೇಕಾದ್ದೇನು?

- ಎಂಜಿನ್ ಆಫ್ ಇರುವಾಗ ಏರ್ ಫಿಲ್ಟರ್ ತೆಗೆದು, ಚೋಕ್ ಎಳೆದು ನೋಡಿ. ಮುಚ್ಚಳ ಪೂರ್ತಿ ಮುಚ್ಚಬೇಕು, ಬಿಟ್ಟಾಗ ಪೂರ್ತಿ ತೆರೆಯಬೇಕು. ಇಲ್ಲದಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ಕೊಳೆಗೆ ಅಂಟಿಕೊಂಡಿದೆ.
- ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಓವರ್ ಆಗಿದೆ. ಪ್ಲಗ್ ಒರೆಸಿ ಹಾಕಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸ್ಟಾರ್ಟ್ ಮಾಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಪ್ಪು ಮಸಿ ಇದ್ದರೆ ಚೋಕ್ ಮುಚ್ಚಿಕೊಂಡೇ ಇರಬಹುದು.
- ಬಿಸಿಯಾದ ಮೇಲೂ ಚೋಕ್ ತೆಗೆದರೆ ಬಂದ್ ಆಗುತ್ತಿದೆಯೇ? ತಪ್ಪು ಚೋಕ್‌ನದ್ದಲ್ಲದೇ ಇರಬಹುದು. ಜೆಟ್ ಕಟ್ಟಿಕೊಂಡಿರಬಹುದು, ಇಲ್ಲವೇ ಎಲ್ಲೋ ಗಾಳಿ ಒಳಸೇರುತ್ತಿರಬಹುದು. ಮೆಕ್ಯಾನಿಕ್‌ಗೆ ಇದನ್ನೇ ಹೇಳಿ.
- ಸೆಲ್ಫ್ ನಿಧಾನವಾಗಿ ತಿರುಗಿದರೆ ಬ್ಯಾಟರಿ ನೋಡಿ. ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಆಯಿಲ್ ಗಟ್ಟಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು

ಚಳಿ ಎಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಗಾಡಿ ಬಿಸಿ ಮಾಡಬೇಡಿ. ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಇದ್ದಾಗ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗುತ್ತದೆ. ಚೋಕ್ ಹಾಕಿದಾಗ ಆಗುವುದೂ ಇದೇ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿದರೆ ಕೂಡಲೇ ಹೊರಗಿನ ಗಾಳಿಗೆ ಬಂದು ವೈದ್ಯರನ್ನು ಕಾಣಬೇಕು. ಒಬ್ಬರು ಒಳಗೆ ಬಿದ್ದಿದ್ದರೆ ಮೊದಲು ಬಾಗಿಲು ಪೂರ್ತಿ ತೆರೆಯಿರಿ, ಅವರನ್ನು ಹೊರಗೆ ತನ್ನಿ, 108ಕ್ಕೆ ಕರೆ ಮಾಡಿ.

ಗಾಡಿಯನ್ನು ಮೊದಲು ಬಯಲಿಗೆ ತಳ್ಳಿ, ಆಮೇಲೆ ಚೋಕ್ ಎಳೆಯಿರಿ. ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ಒಂದು ಸಾಲನ್ನು ಕಳಿಸಿ.